ವಾಕಿಂಗ್ ಐರಿಸ್ 'ಐದು ಬಣ್ಣದ ಕಾಂಬೊ' ತರಿಸುವ ಮುಂಚೆ ಇದನ್ನೊಮ್ಮೆ ಓದಿ

ಫೋನಿನಲ್ಲಿ ಗಿಡ ಮಾರುವವರ ಹತ್ತಿರ ವಾಕಿಂಗ್ ಐರಿಸ್ ಕಾಂಬೊ ತರಿಸಬೇಕು ಅಂತಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನೀಲಿ, ಬಿಳಿ, ಹಳದಿ, ಗುಲಾಬಿ, ಕೆಂಪು, ಐದು ಬಣ್ಣದ ಐದು ಗಿಡ, ಒಂದು ತಿಂಗಳಲ್ಲಿ ಹೂವು ಗ್ಯಾರಂಟಿ ಅಂತ ಹಾಕಿದ್ದರು, ನಾನು 1,200 ರೂಪಾಯಿ ಕಳಿಸಿದೆ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಆ ಡಬ್ಬದ ಜೊತೆ ಬಂದ ಹಿಟ್ಟು ತಿಗಣೆ (ಗಿಡದ ರಸ ಹೀರುವ ಬಿಳಿ ಹುಳ, ಮೀಲಿಬಗ್) ಬಾಲ್ಕನಿಯಲ್ಲಿ ಚೆನ್ನಾಗಿದ್ದ ಗಿಡಗಳನ್ನೂ ಹಾಳು ಮಾಡಿತು. ಈಗ ಅದೇ ಫೋಟೊಗಳು, ಅದೇ ಮಾತು, ಬೇರೆ ಹೆಸರಿನ ಅಂಗಡಿಯಾಗಿ ಮತ್ತೆ ಓಡಾಡುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಗಿಡ ನೋಡದವರಿಗೆ ಎರಡು ಮಾತು. ಮೂಲ ಬ್ರೆಜಿಲ್ ಕಡೆಯದು. ಎಲೆಗಳು ಬೀಸಣಿಗೆ ಬಿಚ್ಚಿಟ್ಟ ಹಾಗೆ ಒಂದೇ ಸಾಲಿನಲ್ಲಿ ಬರುತ್ತವೆ. ಹೂವಿನ ದಂಟೂ ಎಲೆಯಷ್ಟೇ ಚಪ್ಪಟೆ, ಹಾಗಾಗಿ ಹೂವು ಎಲೆಯಿಂದಲೇ ಬಂದಂತೆ ಕಾಣುತ್ತದೆ. ಬೆಳಿಗ್ಗೆ ಅರಳಿ ಸಂಜೆಯೊಳಗೆ ಮುದುಡುತ್ತದೆ, ಆದರೆ ಅದೇ ದಂಟಿನಲ್ಲಿ ಬಿಟ್ಟು ಬಿಟ್ಟು ಮತ್ತೆ ಮತ್ತೆ ಹೂವು ಬರುತ್ತದೆ. ಹೂವೆಲ್ಲ ಮುಗಿದ ಮೇಲೆ ಅಲ್ಲೇ ಒಂದು ಮರಿ ಹುಟ್ಟುತ್ತದೆ, ಅದರ ಭಾರಕ್ಕೆ ದಂಟು ಬಾಗಿ ನೆಲ ಮುಟ್ಟುತ್ತದೆ, ಮಣ್ಣು ಸಿಕ್ಕರೆ ಬೇರು ಬಿಡುತ್ತದೆ. ಮುಂದೆ ಆ ಮರಿಯೂ ಹೂವು ಬಿಟ್ಟು ಇನ್ನಷ್ಟು ದೂರಕ್ಕೆ ಬಾಗುತ್ತದೆ. ತಾನಾಗಿಯೇ ಹೀಗೆ ಹೆಚ್ಚುವ ಗಿಡ ಇದು. ಇದನ್ನು 'ಅಪರೂಪದ ತಳಿ' ಅಂತ ಮಾರುವುದೇ ಮೊದಲ ಮೋಸ.

ಪಾರ್ಸೆಲ್ ಬಂದಿದ್ದು ಮಳೆಗಾಲದಲ್ಲಿ. ಐದು ಗಿಡಗಳನ್ನು ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಪೇಪರ್ ಸುತ್ತಿ, ಅದರ ಮೇಲೆ ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಬಿಗಿದಿದ್ದರು. ಬಿಚ್ಚಿದ ತಕ್ಷಣ ಕೊಳೆತ ವಾಸನೆ. ಎರಡರ ಬುಡ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು, ಎಲೆ ಹಿಡಿದರೆ ಎಲೆ ಮಾತ್ರ ಕೈಗೆ ಬಂತು. ಉಳಿದ ಮೂರು ಹಸಿರಾಗಿಯೇ ಇದ್ದವು, ಆದರೆ ಎಲ್ಲದಕ್ಕೂ ಮೂರು ನಾಲ್ಕು ಎಲೆ ಅಷ್ಟೇ. ಫೋಟೊ, ವಿಡಿಯೊ ಎಲ್ಲ ಕಳಿಸಿದೆ. "ಟ್ರಾನ್ಸಿಟ್ ಶಾಕ್ ಮೇಡಂ, ನೀರು ಹಾಕಿ, ಸರಿ ಹೋಗುತ್ತೆ" ಅಂತ ಉತ್ತರ ಬಂತು. ಬುಡ ಕೊಳೆತ ಗಿಡಕ್ಕೆ ಮತ್ತೆ ನೀರು ಹಾಕು ಅಂತ ಹೇಳುವವರಿಗೆ ಗಿಡ ಗೊತ್ತಿಲ್ಲ, ಇಲ್ಲ ಗೊತ್ತಿದ್ದೂ ಹೇಳುತ್ತಿದ್ದಾರೆ. ಎರಡು ಗಿಡಕ್ಕೆ ಬದಲಿ ಕೊಡಿ ಅಂತ ಕೇಳಿದ ಮೇಲೆ ನಂಬರ್ ಬ್ಲಾಕ್ ಆಯಿತು.

ಹಿಟ್ಟು ತಿಗಣೆ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ಗಿಡದ ಎಲೆಗಳು ಬುಡದಲ್ಲಿ ಒಂದರೊಳಗೆ ಒಂದು ಮಡಚಿ ಕೂತಿರುತ್ತವೆ. ಹೊರಗಿನಿಂದ ನೋಡಿದರೆ ಸ್ವಚ್ಛ, ಹೊಳೆಯುವ ಹಸಿರು. ಹೊರಗಿನ ಎಲೆಯನ್ನು ಮೆಲ್ಲಗೆ ಬದಿಗೆ ಎಳೆದು ಆ ಸಂದಿ ನೋಡಬೇಕು. ನನ್ನ ಗಿಡಗಳಲ್ಲಿ ಅಲ್ಲಿ ಹತ್ತಿಯ ಎಳೆ ಅಂಟಿದಂತೆ ಬಿಳಿ ಪುಡಿ, ಅದರ ನಡುವೆ ತಿಳಿ ಗುಲಾಬಿ ಬಣ್ಣದ ಸಣ್ಣ ಹುಳ, ಉಗುರು ತಾಗಿಸಿದರೆ ಅಂಟಂಟು. ಬೇರಿನ ಸುತ್ತಲೂ ಅದೇ ಬಿಳಿ ಚುಕ್ಕೆ. ಹೊಸ ಗಿಡಗಳನ್ನು ಬೇರೆಯಾಗಿ ಯುಟಿಲಿಟಿ ಕಡೆ ಇಟ್ಟಿದ್ದೆ, ಬಾಲ್ಕನಿ ಇನ್ನೊಂದು ತುದಿ. ಆದರೂ ಇರುವೆಗಳು ದಾರಿ ಮಾಡಿಕೊಂಡವು. ಹಿಟ್ಟು ತಿಗಣೆ ಹೊರಹಾಕುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಆ ಹುಳವನ್ನು ಕಾಯುತ್ತದೆ, ಅದರ ಮರಿಗಳನ್ನು ಬೇರೆ ಗಿಡಕ್ಕೆ ಹೊತ್ತುಕೊಂಡೂ ಹೋಗುತ್ತದೆ. ಮೊದಲು ದಾಸವಾಳದ ಮೊಗ್ಗುಗಳು ಬಿಳಿಯಾದವು. ಆಮೇಲೆ ಹೋಯಾ, ಜೇಡ್. ಕೊನೆಗೆ ಅಮ್ಮ ಕೊಟ್ಟ ಹಳೆ ವಾಕಿಂಗ್ ಐರಿಸ್ ಕುಂಡಕ್ಕೂ ಬಂತು, ಅದನ್ನು ನೋಡಿ ನಿಜವಾಗಲೂ ಅಳು ಬಂತು.

ಬೇವಿನೆಣ್ಣೆ ಸಿಂಪಡಿಸಿ ಅಂತ ಎಲ್ಲರೂ ಹೇಳುತ್ತಾರೆ. ದಾಸವಾಳಕ್ಕೆ ಅದು ಸರಿ. ಈ ಗಿಡದಲ್ಲಿ ಮೇಲಿಂದ ಸಿಂಪಡಿಸಿದ್ದು ಎಲೆ ಮೇಲೆ ಜಾರಿ ಹೋಗುತ್ತದೆ, ಸಂದಿಯಲ್ಲಿರುವ ಹುಳಕ್ಕೆ ತಾಗುವುದೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಇಯರ್ ಬಡ್ ಅದ್ದಿ, ಒಂದೊಂದೇ ಎಲೆ ಬಿಡಿಸಿ ಒರೆಸಬೇಕು, ವಾರಕ್ಕೊಮ್ಮೆಯಂತೆ ಹುಳ ಪೂರ್ತಿ ಕಾಣೆಯಾಗುವವರೆಗೆ ಬಿಡದೆ ಮಾಡಬೇಕು, ಯಾಕಂದರೆ ಮೊಟ್ಟೆ ಉಳಿದಿರುತ್ತದೆ. ಬೇರಿಗೆ ಬಂದಿದ್ದರೆ ಮಣ್ಣು ಪೂರ್ತಿ ತೆಗೆದು ಕಸಕ್ಕೆ ಹಾಕಿ, ಬೇರನ್ನು ನಲ್ಲಿ ನೀರಿನಲ್ಲಿ ತೊಳೆದು, ಕುಂಡವನ್ನೂ ಉಜ್ಜಿ ತೊಳೆದು ಹೊಸ ಮಣ್ಣಿಗೆ ಹಾಕಬೇಕು. ಆ ಹಳೆ ಮಣ್ಣನ್ನು ಬೇರೆ ಗಿಡಕ್ಕೆ ಬಳಸಬೇಡಿ.

ಇನ್ನು ಬಣ್ಣದ ಕಥೆ. ಈ ವ್ಯಾಪಾರ ನಡೆಯುತ್ತಿರುವುದೇ ಇದರ ಮೇಲೆ. ಹೂವು ಬಿಡುವವರೆಗೆ ಯಾವ ಬಣ್ಣ ಅಂತ ಎಲೆ ನೋಡಿ ನಮಗೆ ಗೊತ್ತಾಗಲ್ಲ. ಮೂರು ಎಲೆಯ ಮರಿ ಹೂವು ಬಿಡುವಷ್ಟು ಬೆಳೆಯಲು ಸಾಮಾನ್ಯವಾಗಿ ಒಂದು ವರ್ಷವಾದರೂ ಬೇಕು. ಹನ್ನೆರಡು ಎಲೆ ಆಗದೆ ಹೂವು ಬರಲ್ಲ ಅಂತ ಒಂದು ನಂಬಿಕೆಯೇ ಇದೆ, ಏಸುವಿನ ಹನ್ನೆರಡು ಶಿಷ್ಯರ ಲೆಕ್ಕದಲ್ಲಿ ಇದನ್ನು ಅಪಾಸಲ್ ಪ್ಲಾಂಟ್ ಅಂತಲೂ ಕರೆಯುತ್ತಾರೆ. ಲೆಕ್ಕ ಸರಿಯಾಗಿ ಹನ್ನೆರಡೇ ಆಗಬೇಕಿಲ್ಲ, ಆದರೆ ಗಿಡ ಬಲಿಯಬೇಕು ಅನ್ನುವುದು ನಿಜ. ಹಾಗಿರುವಾಗ 'ಒಂದು ತಿಂಗಳಲ್ಲಿ ಹೂವು' ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅವರ ಬದಲಿ ಕೊಡುವ ಅವಧಿ ಏಳು ದಿನ. ಮೋಸ ಬಯಲಾಗುವುದು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಆ ಅಂಗಡಿಯ ಹೆಸರೇ ಇರುವುದಿಲ್ಲ.

ನನ್ನ ಹತ್ತಿರ ಉಳಿದ ಮೂರು ಗಿಡ ಏನಾದವು ಅಂದರೆ, 'ಕೆಂಪು' ಅಂತ ಕೊಟ್ಟಿದ್ದು ಕವಲೊಡೆದ ಉದ್ದ ದಂಟು ಬಿಟ್ಟು, ಕೇಸರಿ ಹೂವಿನ ಮೇಲೆ ಕೆಂಪು ಚುಕ್ಕೆ ತೋರಿಸಿತು. ಅದು ಲೆಪರ್ಡ್ ಲಿಲಿ, ಎಷ್ಟೋ ಮನೆಗಳ ಅಂಗಳದಲ್ಲಿ ಇರುವಂಥದ್ದು. ಅದರ ಎಲೆಯೂ ಬೀಸಣಿಗೆ ಆಕಾರದ್ದೇ, ಸಣ್ಣದಿದ್ದಾಗ ಗುರುತು ಹಿಡಿಯುವುದು ಕಷ್ಟ. ಕಾಯಿ ಒಡೆದಾಗ ಒಳಗೆ ಗೊಂಚಲು ಕಪ್ಪು ಬೀಜ ಕಾಣುತ್ತದೆ, ವಾಕಿಂಗ್ ಐರಿಸ್ ಹಾಗೆ ದಂಟಿನ ತುದಿಯಲ್ಲಿ ಮರಿ ಬರಲ್ಲ. ಇನ್ನೆರಡರಲ್ಲಿ ಒಂದರ ಚೀಟಿಯಲ್ಲಿ 'ಹಳದಿ ನಿಯೊಮಾರಿಕಾ', ಇನ್ನೊಂದರಲ್ಲಿ 'ಗುಲಾಬಿ ಟ್ರಿಮೆಜಿಯಾ' ಅಂತ ಇತ್ತು. ಎರಡೂ ಬಿಟ್ಟಿದ್ದು ಒಂದೇ ಹೂವು: ಹಳದಿ, ಮಧ್ಯದಲ್ಲಿ ಕಂದು ಗೆರೆ. ನಿಯೊಮಾರಿಕಾ ಅಂದರೆ ವಾಕಿಂಗ್ ಐರಿಸ್‌ನ ಸಸ್ಯಶಾಸ್ತ್ರದ ಹೆಸರು. ಇತ್ತೀಚಿನ ವರ್ಗೀಕರಣದಲ್ಲಿ ನಿಯೊಮಾರಿಕಾ ಗಿಡಗಳನ್ನು ಟ್ರಿಮೆಜಿಯಾ ಅನ್ನುವ ಕುಲಕ್ಕೆ ಸೇರಿಸಿದ್ದಾರೆ, ಹಾಗಾಗಿ ಒಂದೇ ಗಿಡಕ್ಕೆ ಎರಡೂ ಹೆಸರು ಓಡುತ್ತಿದೆ. ಎರಡು ಹೆಸರು ನೋಡಿ ಎರಡು ಗಿಡ ಅಂದುಕೊಂಡು ದುಡ್ಡು ಕೊಡಬೇಡಿ.

ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಯುವ ಬಣ್ಣಗಳು ಕೆಲವೇ. ಹೊರ ಎಸಳು ಬಿಳಿ, ಒಳಗಿನ ಸುರುಳಿ ಎಸಳು ನೀಲಿ, ಬುಡದಲ್ಲಿ ಕಂದು ಪಟ್ಟೆ ಇರುವುದು ಗ್ರಾಸಿಲಿಸ್ ಅನ್ನುವ ಜಾತಿ, ಅದಕ್ಕೆ ಒಳ್ಳೆ ಪರಿಮಳ ಇದೆ. ಪೂರ್ತಿ ನೀಲಿ-ನೇರಳೆ ಇರುವುದು ಸೆರೂಲಿಯಾ, ಗಿಡವೂ ಎತ್ತರ. ಹಳದಿಯದು ಲಾಂಗಿಫೋಲಿಯಾ. ಕಡುಗೆಂಪು, ಗುಲಾಬಿ, ಕಾಮನಬಿಲ್ಲಿನ ಬಣ್ಣ ಅಂತ ಹಾಕುವ ಫೋಟೊಗಳು ಕಂಪ್ಯೂಟರ್‌ನಲ್ಲಿ ಬಣ್ಣ ಬದಲಿಸಿದವು. ನನಗೆ ಬಂದ ಪೋಸ್ಟಿನಲ್ಲಿ ಕೆಂಪು ಹೂವು ಮತ್ತು ನೀಲಿ ಹೂವು ಎರಡರ ಎಸಳಿನ ಮೇಲೂ ಅದೇ ಜಾಗದಲ್ಲಿ ಅದೇ ನೀರಿನ ಹನಿ ಇತ್ತು, ದೊಡ್ಡದು ಮಾಡಿ ನೋಡಿದರೆ ಯಾರಿಗಾದರೂ ಕಾಣುತ್ತದೆ. ಇದೇ ಬಣ್ಣಗಳ ಬೀಜದ ಪ್ಯಾಕೆಟ್ ಕೂಡ ಮಾರುತ್ತಿದ್ದಾರೆ, ಅದನ್ನಂತೂ ಮುಟ್ಟಲೇಬೇಡಿ.

ಡಯಟೀಸ್ ಅಂತ ಇನ್ನೊಂದಿದೆ, ಆಫ್ರಿಕಾ ಕಡೆಯದು, ಅಪಾರ್ಟ್‌ಮೆಂಟ್ ಲ್ಯಾಂಡ್‌ಸ್ಕೇಪಿನಲ್ಲಿ ಸಾಲಾಗಿ ನೆಟ್ಟಿರುತ್ತಾರೆ. ಅದನ್ನೂ ವಾಕಿಂಗ್ ಐರಿಸ್ ಅಂತ ಕೊಡುತ್ತಾರೆ. ಅದರ ಎಲೆ ಸಪೂರ, ಗಡುಸು, ಹೂವಿನ ದಂಟು ತೆಳ್ಳಗೆ ತಂತಿ ಥರ. ವಾಕಿಂಗ್ ಐರಿಸ್ ಎಲೆ ಅಗಲ, ಮೆತ್ತಗೆ, ದಂಟು ಚಪ್ಪಟೆ. ಡಯಟೀಸ್ ಕೆಟ್ಟ ಗಿಡ ಅಲ್ಲ, ಬಿಸಿಲು ತಡೆಯುತ್ತದೆ, ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ.

ಹಾಗಾದರೆ ಎಲ್ಲಿಂದ ತರಬೇಕು? ಹೂವು ಬಿಟ್ಟಿದ್ದನ್ನು ನೀವೇ ಕಣ್ಣಾರೆ ನೋಡಿದ ಗಿಡದಿಂದ ಒಂದು ಮರಿ ಕೇಳಿ ತನ್ನಿ. ಇದಕ್ಕಿಂತ ಒಳ್ಳೆ ದಾರಿ ಇಲ್ಲ. ನಮ್ಮ ಅಮ್ಮನ ಮನೆ ಮಲೆನಾಡಿನ ಸಾಗರ ಪಟ್ಟಣದ ಹತ್ತಿರ. ಅಲ್ಲಿ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋದರೆ ವಾಪಸ್ ಬರುವಾಗ ಕೈಯಲ್ಲಿ ಒಂದು ಗಿಡ ಇದ್ದೇ ಇರುತ್ತದೆ, ಅಡಿಕೆ ಹಾಳೆಯಲ್ಲಿ ಮಣ್ಣು ಸಮೇತ ಸುತ್ತಿ ಬಾಳೆಪಟ್ಟೆ ಕಟ್ಟಿ ಕೊಡುತ್ತಾರೆ. ನಾನು 1,200 ಕೊಟ್ಟಿದ್ದು ಕೇಳಿ ಅಮ್ಮ, "ಇದಕ್ಕೂ ದುಡ್ಡು ತಗೊಳ್ತಾರಾ, ಎಂತ ಕಾಲ ಬಂತು ಮಾರಾಯ್ತಿ" ಅಂದರು. ಊರಲ್ಲಿ ಪರಿಚಯ ಇಲ್ಲದವರು ಹತ್ತಿರದ ನರ್ಸರಿಗೇ ಹೋಗಿ, ಬೆಂಗಳೂರಿನವರಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ಸಾಲು ಇದೆ. ಹೂವು ಅಥವಾ ಒಣಗಿದ ಹೂದಂಟು ಇರುವ ಕುಂಡವನ್ನೇ ಆರಿಸಿ. ಎಲೆ ಸಂದಿ ಬಿಡಿಸಿ ನೋಡಿ, ಕುಂಡದ ಕೆಳಗಿನ ತೂತು ನೋಡಿ, ಬುಡ ಒತ್ತಿ ನೋಡಿ. ನೋಡಲು ಬಿಡದ ಕಡೆ ತಗೊಳ್ಳಬೇಡಿ.

ಮರಿ ಮಾಡುವುದು ತುಂಬಾ ಸುಲಭ. ಬಾಗಿದ ದಂಟಿನ ತುದಿಯ ಮರಿಯನ್ನು ಎತ್ತಿ ಬುಡ ನೋಡಿದರೆ ಗಾಳಿಯಲ್ಲೇ ಸಣ್ಣ ಸಣ್ಣ ಗುಬುಟುಗಳು ಬಂದಿರುತ್ತವೆ, ಕೆಲವು ಅರ್ಧ ಇಂಚು ಬೇರೇ ಆಗಿರುತ್ತವೆ. ಅದು ಕಂಡರೆ ಮರಿ ಸಿದ್ಧ. ಪಕ್ಕದಲ್ಲಿ ಒಂದು ಸಣ್ಣ ಕುಂಡ ಇಟ್ಟು, ಮರಿಯ ಬುಡ ಮಣ್ಣಿಗೆ ತಾಗುವ ಹಾಗೆ ಹೇರ್‌ಪಿನ್ನಿನಿಂದ ದಂಟನ್ನು ಒತ್ತಿಡಿ. ತಾಯಿ ಗಿಡದಿಂದ ಆಗಲೇ ಕತ್ತರಿಸಬೇಡಿ, ಬೇರು ಹಿಡಿಯುವವರೆಗೆ ಅಲ್ಲಿಂದಲೇ ಅದಕ್ಕೆ ಊಟ. ಕೆಲವು ವಾರ ಬಿಟ್ಟು ಮರಿಯನ್ನು ಮೆಲ್ಲಗೆ ಎಳೆದು ನೋಡಿ, ಅಲುಗದೆ ಬಿಗಿಯಾಗಿದ್ದರೆ ದಂಟು ಕತ್ತರಿಸಿ. ಬುಡವನ್ನು ಆಳಕ್ಕೆ ಹೂಳಬಾರದು, ಗೆಡ್ಡೆಯ ಮೇಲ್ಭಾಗ ಮಣ್ಣಿನ ಮಟ್ಟಕ್ಕೇ ಇರಲಿ. ದೂರದಿಂದ ತಂದ ಮರಿಯಾದರೆ ಬುಡ ಮಾತ್ರ ಮುಳುಗುವ ಹಾಗೆ ನೀರಿನ ಲೋಟದಲ್ಲಿಟ್ಟು, ಬೇರು ಬಂದ ಮೇಲೆ ನೆಡಬಹುದು. ದೊಡ್ಡ ಗುಂಪಾಗಿದ್ದರೆ ಗೆಡ್ಡೆ ಬಿಡಿಸಿಯೂ ನೆಡಬಹುದು, ಪ್ರತಿ ತುಂಡಿಗೂ ಎಲೆ ಮತ್ತು ಬೇರು ಎರಡೂ ಇರಬೇಕು.

ಮಣ್ಣಿಗೆ ಕೆಂಪು ಮಣ್ಣು, ಎರೆಗೊಬ್ಬರ, ಸ್ವಲ್ಪ ಮರಳು ಸಾಕು. ಬರೀ ಕೋಕೋಪೀಟ್ ಬೇಡ, ಮಳೆಗಾಲದಲ್ಲಿ ಅದು ಆರುವುದೇ ಇಲ್ಲ. ಬೆಳಗಿನ ಎಳೆ ಬಿಸಿಲು ಚೆನ್ನ, ಮಧ್ಯಾಹ್ನದ ಬಿಸಿಲಿಗೆ ಎಲೆ ತುದಿ ಸುಡುತ್ತದೆ. ಈ ಗಿಡಕ್ಕೆ ತೇವ ಇಷ್ಟ, ಆದರೆ ತಟ್ಟೆಯಲ್ಲಿ ನೀರು ನಿಂತರೆ ಬುಡ ಹೋಗುತ್ತದೆ.

ನನ್ನ ಹಾಗೆ ದುಡ್ಡು ಕಳೆದುಕೊಂಡವರು ಸುಮ್ನೆ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ದೊಡ್ಡ ಮಾರಾಟ ತಾಣದ ಮೂಲಕ ತಗೊಂಡಿದ್ದರೆ, 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಕ್ಕೆ ಉತ್ತರ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮೆಸೇಜಿನಲ್ಲಿ ಮಾತಾಡಿ ಯುಪಿಐ ಮಾಡಿದರೆ ಅವರ ವಿಳಾಸ ಹುಡುಕುವುದೇ ಕಷ್ಟ. ಮೆಸೇಜ್, ಪೋಸ್ಟಿನ ಸ್ಕ್ರೀನ್‌ಶಾಟ್, ಪಾರ್ಸೆಲ್ ಮೇಲಿನ ಚೀಟಿ ಎಲ್ಲ ತೆಗೆದಿಟ್ಟುಕೊಳ್ಳಿ, ಬ್ಲಾಕ್ ಮಾಡಿದ ಮೇಲೆ ಪೋಸ್ಟ್ ಕಾಣಲ್ಲ.

ಈಗಾಗಲೇ ಅಂಥ ಡಬ್ಬ ಮನೆಗೆ ಬಂದಿದ್ದರೆ ಬಾಲ್ಕನಿಗೆ ಒಯ್ಯಬೇಡಿ, ಬಚ್ಚಲಲ್ಲೇ ಬಿಚ್ಚಿ. ಪೇಪರ್, ಕೋಕೋಪೀಟ್ ಎಲ್ಲ ಕವರಿಗೆ ಹಾಕಿ ಬಿಗಿದು ಕಸಕ್ಕೆ ಕೊಡಿ. ಮೆತ್ತಗಾದ ಭಾಗವನ್ನು ಗಟ್ಟಿ ಬಿಳಿ ಗೆಡ್ಡೆ ಕಾಣುವವರೆಗೆ ಕತ್ತರಿಸಿ, ಕತ್ತರಿಸಿದ ಕಡೆ ಒಂದು ದಿನ ನೆರಳಲ್ಲಿ ಆರಲಿ. ಎಲೆ ಸಂದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಮಣ್ಣಿನ ಸಣ್ಣ ಕುಂಡಕ್ಕೆ ಹಾಕಿ. ಆ ಕುಂಡವನ್ನು ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಕಲ್ಲಿನ ಮೇಲೆ ಇಡಿ, ಬುಡ ನೀರಿಗೆ ತಾಗದಿರಲಿ, ಇರುವೆ ದಾಟಲು ಆಗಬಾರದು. ತಟ್ಟೆಯ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಒಂದು ತಿಂಗಳು ಹುಳ ಕಾಣದಿದ್ದರೆ ಮಾತ್ರ ಬೇರೆ ಗಿಡಗಳ ಹತ್ತಿರ ತನ್ನಿ.