ಗುಳಿಗೆ, ಕೇಸರಿ, ಹಿರೇಮದ್ದು, ಹಳದಿ ಹೂವು: ಹಾಸಿಗೆಯಲ್ಲಿ ಯಾವುದು ಕೈಕೊಟ್ಟಿತು?

ನಾನು ಡಾಕ್ಟರ್ ಅಲ್ಲ. ಹಾಸನದಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 38, ಮದುವೆಯಾಗಿ ಹದಿಮೂರು ವರ್ಷ. ಖಿನ್ನತೆಗೆ ಮೂರು ವರ್ಷದಿಂದ ಒಂದಲ್ಲ ಒಂದು ತಗೊಳ್ಳುತ್ತಿದ್ದೇನೆ. ಮನಸ್ಸು ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ರಾತ್ರಿ ಗಂಡ ಹೆಂಡತಿ ನಡುವೆ ಏನಾಯಿತು ಅಂತ ಯಾರೂ ಕೇಳಲ್ಲ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಎಸ್ಸಿಟಲೋಪ್ರಾಮ್, 10 ಮಿಲಿಗ್ರಾಂ. ಮೂರು ವಾರಕ್ಕೆ ಅಳು ನಿಂತಿತು, ಎರಡು ತಿಂಗಳಿಗೆ ಮತ್ತೆ ನಗು ಬಂತು. ಆದರೆ ಸೀನು ಮೂಗಿನ ತುದಿವರೆಗೆ ಬಂದು ಬರದೇ ಹೋಗುತ್ತದಲ್ಲ, ಹಾಸಿಗೆಯಲ್ಲಿ ಹಾಗಾಗುತ್ತಿತ್ತು. ಪ್ರತಿ ಸಲವೂ. ಈ ಗುಂಪಿನ ಗುಳಿಗೆ ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಹೆಚ್ಚಿಸುತ್ತದೆ, ಅದು ಜಾಸ್ತಿಯಾದರೆ ಆ ಕೊನೆಯ ಘಟ್ಟ ತಡವಾಗುತ್ತದೆ. ಶೀಘ್ರಸ್ಖಲನ ಇರುವ ಗಂಡಸರಿಗೆ ಇದೇ ಜಾತಿಯ ಗುಳಿಗೆ ಬರೆದುಕೊಡುವುದೂ ಅದಕ್ಕೇ. ಆದರೂ ಎಲ್ಲ ತಪ್ಪನ್ನೂ ಗುಳಿಗೆ ತಲೆಗೇ ಕಟ್ಟುವ ಹಾಗಿಲ್ಲ. ಅದನ್ನು ಶುರು ಮಾಡುವ ಮುಂಚೆ ನನಗೆ ಆಸೆಯೇ ಸತ್ತುಹೋಗಿತ್ತು. ಕಾಯಿಲೆ ತಿಂದದ್ದೆಷ್ಟು, ಗುಳಿಗೆ ತಿಂದದ್ದೆಷ್ಟು ಅಂತ ಬೇರೆ ಮಾಡಲು ಒಂದು ಡೈರಿ ಇಟ್ಟೆ. ಗಣಿತದ ಟೀಚರ್ ಅಲ್ವಾ.

ಗುಳಿಗೆ ಜೊತೆಗೇ, ಡಾಕ್ಟರಿಗೆ ಹೇಳಿ, ಕೇಸರಿ ಶುರು ಮಾಡಿದೆ. ಇರಾನಿನಲ್ಲಿ ಇದೇ ಗುಂಪಿನ ಫ್ಲೂಆಕ್ಸೆಟೀನ್ ಗುಳಿಗೆ ತಗೊಳ್ಳುವ ಹೆಂಗಸರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿ, ನಾಲ್ಕು ವಾರ ಕೊಟ್ಟು ನೋಡಿದ್ದರು. ಒಣಗುವುದು, ನೋವು ಕಡಿಮೆಯಾಗಿತ್ತು. ಆಸೆ, ಕೊನೆಯ ಸುಖ ಇದ್ದ ಹಾಗೇ ಇತ್ತು. ನನ್ನ ಡೈರಿಯೂ ಅದನ್ನೇ ಹೇಳಿತು. ರಾತ್ರಿ ಹಾಲಿಗೆ ಹದಿನೈದು ಎಳೆ ಎಣಿಸಿ ಹಾಕುತ್ತಿದ್ದೆ. ನೋವಂತೂ ಕಮ್ಮಿಯಾಯಿತು, ಸೀನು ಮಾತ್ರ ಬರಲಿಲ್ಲ.

ಆಮೇಲೆ ಹಠ ಬಂತು, ಗುಳಿಗೆಯೇ ಬೇಡ. ಡಾಕ್ಟರ್ ಆರು ವಾರದಲ್ಲಿ ಡೋಸ್ ಇಳಿಸಿ ಬಿಡಿಸಿದರು. ಹಾಗಿದ್ದೂ ತಲೆಯೊಳಗೆ ಸಣ್ಣ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಒಮ್ಮೆಲೇ ಬಿಟ್ಟಿದ್ದರೆ ಏನು ಗತಿಯೋ.

ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗಿ ಗ್ರಂಥಿಗೆ ಅಂಗಡಿಯಲ್ಲಿ ಅಶ್ವಗಂಧ ಕೇಳಿದೆ. ನಮ್ಮಜ್ಜಿ ಹಿರೇಮದ್ದು ಅನ್ನುತ್ತಿದ್ದರು. ಅಂಗಡಿಯವರು ಪೊಟ್ಟಣ ಕಟ್ಟುತ್ತಾ 'ಯಜಮಾನ್ರಿಗಾ?' ಅಂದರು. ಸುಮ್ನೆ ಹೂಂ ಅಂದೆ. ಎರಡು ತಿಂಗಳು ಕುಡಿದೆ. ಹಾಸಿಗೆಯಲ್ಲಿ ತೊಂದರೆ ಏನೂ ಇಲ್ಲ, ಸೀನೂ ತಾನಾಗಿಯೇ ವಾಪಸ್ ಬಂತು. ಅದು ಗುಳಿಗೆ ಬಿಟ್ಟದ್ದಕ್ಕೆ ಅಂತ ನನ್ನ ಲೆಕ್ಕ. ಆದರೆ ನಿದ್ದೆಯೋ ನಿದ್ದೆ, ಮನಸ್ಸು ಮತ್ತೆ ಕುಸಿಯತೊಡಗಿತು. ಥೈರಾಯ್ಡ್ ಇರುವವರು ಕೇಳದೆ ತಗೋಬೇಡಿ, ಅದರ ಹಾರ್ಮೋನು ಏರಬಹುದು. ಅಪರೂಪಕ್ಕೆ ಲಿವರಿಗೂ ಪೆಟ್ಟು ಬಿದ್ದಿದೆ.

ಕೊನೆಗೆ ಸೇಂಟ್ ಜಾನ್ಸ್ ವರ್ಟ್. ಯುರೋಪಿನ ಹಳದಿ ಹೂವಿನ ಗಿಡ. 300 ಮಿಲಿಗ್ರಾಂ, ದಿನಕ್ಕೆ ಮೂರು, ಆನ್‌ಲೈನಲ್ಲಿ ತರಿಸಿದೆ. ನಾನು ನೋಡಿದ ಬೇರುನಾರುಗಳಲ್ಲಿ ಖಿನ್ನತೆಗೆ ನಿಜಕ್ಕೂ ಗಟ್ಟಿ ಆಧಾರ ಇರುವುದು ಇದಕ್ಕೇ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2008ರ ವಿಮರ್ಶೆ 29 ಪ್ರಯೋಗಗಳನ್ನು ಒಟ್ಟು ಮಾಡಿ, ಇದು ಗುಳಿಗೆಗಳಷ್ಟೇ ಕೆಲಸ ಮಾಡುತ್ತದೆ, ಅಡ್ಡಪರಿಣಾಮ ಕಮ್ಮಿ ಅಂದಿತ್ತು. ನನಗೂ ಐದನೇ ವಾರಕ್ಕೆ ಮನಸ್ಸು ಹಗುರವಾಯಿತು, ರಾತ್ರಿಗಳೂ ಚೆನ್ನಾಗಿದ್ದವು. ಇದೇ ಗೆದ್ದಿತು ಅಂತ ಡೈರಿಯಲ್ಲಿ ಬರೆದೂಬಿಟ್ಟಿದ್ದೆ.

ಏಳನೇ ವಾರ, ತಿಂಗಳ ನಡುವೆ ರಕ್ತದ ಕಲೆ ಕಂಡಿತು. ನಾನು ಮಕ್ಕಳಾಗದ ಮಾತ್ರೆ ನುಂಗುವವಳು, ಒಂದು ದಿನವೂ ತಪ್ಪಿಸಿರಲಿಲ್ಲ. ಮುಂದಿನ ಮುಟ್ಟು ಬರಲೇ ಇಲ್ಲ. ನಮ್ಮವರು ಮೆಡಿಕಲ್ ಶಾಪಿನಿಂದ ಕಿಟ್ ತಂದರು. ಬಕೆಟ್ ಮಗುಚಿ ಹಾಕಿ, ಅದರ ಮೇಲೆ ಕೂತು ಐದು ನಿಮಿಷ ಕಾದೆ. ಹೊರಗೆ ಅತ್ತೆ 'ಕಾಫಿ ಆರಿಹೋಗುತ್ತೆ ಕಣೇ' ಅಂತ ಕೂಗುತ್ತಿದ್ದರು. ಒಂದೇ ಗೆರೆ, ಬಸಿರಲ್ಲ. ಮಾರನೇ ದಿನ ಲೇಡಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: 'ಬೇರೇನಾದ್ರೂ ತಗೋತಿದ್ದೀರಾಮ್ಮಾ?' ಈ ಹೂವು ಲಿವರನ್ನು ಚುರುಕು ಮಾಡಿ, ಮಾತ್ರೆಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದಂತೆ. ರಕ್ತ ತೆಳು ಮಾಡುವ ವಾರ್ಫರಿನ್, ಕಿಡ್ನಿ ಕಸಿ ಆದವರ ಔಷಧಿ, ಎಚ್‌ಐವಿ ಔಷಧಿಗಳ ಕಥೆಯೂ ಇದೇ. ಎಸ್ಸಿಟಲೋಪ್ರಾಮ್ ಜೊತೆ ಸೇರಿಸಿದರೆ ಸೆರೊಟೋನಿನ್ ಮಿತಿಮೀರಿ ಜೀವಕ್ಕೇ ಅಪಾಯ. ಡಬ್ಬಿ ಮೇಲೆ ಇದ್ಯಾವುದೂ ಇರಲಿಲ್ಲ. 'ನೂರಕ್ಕೆ ನೂರು ನೈಸರ್ಗಿಕ' ಅಂತ ಮಾತ್ರ ದಪ್ಪಕ್ಷರದಲ್ಲಿತ್ತು.

ಈಗ ಹಳೇ ಡಾಕ್ಟರ್ ಹತ್ತಿರವೇ ಇದ್ದೇನೆ. ಡೈರಿ ತೋರಿಸಿದೆ. ನಾಚಿಕೆಯಾಯಿತು, ಅವರು ಮಾತ್ರ ಆರಾಮಾಗಿ ಓದಿದರು. ಸೆರೊಟೋನಿನ್ ತಂಟೆಗೆ ಹೋಗದ ಬುಪ್ರೊಪಿಯಾನ್ ಬರೆದುಕೊಟ್ಟರು. ಫಿಟ್ಸ್ ಇರುವವರಿಗೆ ಅದು ಆಗದು, ನನಗಿಲ್ಲ. ನಾಲ್ಕು ತಿಂಗಳಾಯಿತು. ಬಾಯಿ ಒಣಗುತ್ತದೆ, ನಿದ್ದೆ ಸ್ವಲ್ಪ ಕಮ್ಮಿ, ಸೀನು ಬರುತ್ತದೆ.

ಉಳಿದ ಕೇಸರಿಯನ್ನು ಅತ್ತೆ ಯುಗಾದಿಗೆ ಕೇಸರಿಬಾತಿಗೆ ಹಾಕಿದರು. ಇಷ್ಟು ದುಡ್ಡಿನ ಕೇಸರಿ ಮನೆಗೆ ಯಾಕೆ ಬಂತು ಅಂತ ಇನ್ನೂ ಕೇಳಿಲ್ಲ.