ಮೂರು ಸಲ ರೂಪ ಬದಲಿಸಿದ ನಮ್ಮ ಮುಲುಂಡ್ ಸೂಪರ್ ಮಾರ್ಕೆಟ್: ಹಳೇ ಗಿರಾಕಿಯ ಅಭಿಪ್ರಾಯ

ಸೂಪರ್ ಮಾರ್ಕೆಟ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದರ, ಆಫರ್, ಬಿಲ್ಲಿಂಗ್ ಸಾಲು ಇಷ್ಟನ್ನೇ ನೋಡುತ್ತಾರೆ. ಕಟ್ಟಡದ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ಮೊಣಕಾಲು ನೋವಿರುವ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋದರೆ ಗೊತ್ತಾಗುತ್ತದೆ, ಅಂಗಡಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅರ್ಧ ಅಲ್ಲೇ ತೀರ್ಮಾನ ಆಗುತ್ತದೆ. ಈ ಅಂಗಡಿಯ ಮಾಲೀಕರೂ ಬೋರ್ಡೂ ಬದಲಾಗಿವೆ. ಹಾಗಾಗಿ ಹೆಸರು ಬೇಡ, ಕಟ್ಟಡದ ಮಾತಷ್ಟೇ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಇದು ಮುಂಬೈಯ ಉಪನಗರ ಮುಲುಂಡ್‌ನಲ್ಲಿ ಒಂದು ಹೌಸಿಂಗ್ ಸೊಸೈಟಿಯ ಕೆಳಗಿನ ಉದ್ದನೆಯ ಹಾಲ್. ಮೊಸಾಯಿಕ್ ನೆಲ, ಗೋಡೆಗೆ ಕಡಪ ಕಲ್ಲಿನ ಹಲಗೆ, ಟ್ಯೂಬ್‌ಲೈಟು, ರಸ್ತೆ ಕಡೆಗೆ ದೊಡ್ಡ ಕಿಟಕಿಗಳು. ಮುಂಬೈಯಲ್ಲಿ ಇಂಥ ಸರಳ ಅಂಗಡಿಗಳ ರೂಢಿ ಬೆಳೆಸಿದ್ದು ಸಹಕಾರಿ ಸಂಸ್ಥೆಗಳು. ನಾಯಗಾಂವ್‌ನಲ್ಲಿ 1948ರಲ್ಲಿ ಅಪ್ನಾ ಬಜಾರ್ ಶುರುವಾಯಿತು, 1968ರಲ್ಲಿ ಸಹಕಾರಿ ಭಂಡಾರ್ ಬಂತು. ಕೊಲಾಬಾದಲ್ಲಿ ರೀಗಲ್ ಟಾಕೀಸ್ ಹತ್ತಿರದ ಸಹಕಾರಿ ಭಂಡಾರ್ ನೋಡಿದವರಿಗೆ ಅದರ ಕ್ಯಾಂಟೀನೂ ನೆನಪಿರುತ್ತದೆ. ಸಾಮಾನು ತಗೊಂಡು, ಕೂತು, ಚಹಾ ಕುಡಿದು ಹೋಗಬಹುದಿತ್ತು. ನಮ್ಮ ಅಂಗಡಿಯಲ್ಲಿ ಕ್ಯಾಂಟೀನ್ ಇರಲಿಲ್ಲ. ಆದರೆ ಕಿಟಕಿ ಪಕ್ಕ ಒಂದು ಬೆಂಚು ಇತ್ತು. ವಯಸ್ಸಾದವರು ಅಲ್ಲಿ ಕೂತರೆ, ಕೆಲಸದ ಕಾಕಾ ಚೀಟಿ ನೋಡಿ ಸಾಮಾನು ತಂದು ಕೊಡುತ್ತಿದ್ದರು.

ಮೊದಲ ಬದಲಾವಣೆ ಮಾಡಿಸಿದ್ದು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿದಾಗ, ನಮ್ಮ ಅಂಗಡಿಗೂ ನೀರು ನುಗ್ಗಿತು. ಕೆಳಗಿಟ್ಟಿದ್ದ ಅಕ್ಕಿ, ಸಕ್ಕರೆ, ಬೇಳೆಯ ಚೀಲಗಳೆಲ್ಲ ಹಾಳಾದವು. ಆಮೇಲೆ ನೆಲವನ್ನೇ ಎತ್ತರಿಸಿದರು. ಮೊಸಾಯಿಕ್ ಹೋಗಿ ವಿಟ್ರಿಫೈಡ್ ಟೈಲ್ಸ್ ಬಂತು, ಗೋದಾಮಿನಲ್ಲಿ ಚೀಲದ ಕೆಳಗೆ ಮರದ ಪ್ಯಾಲೆಟ್ ಬಂತು. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ, ಆಮೇಲಿನ ಮಳೆಗಾಲಗಳಲ್ಲಿ ಒಳಗೆ ನೀರು ಬರಲಿಲ್ಲ. ಆದರೆ ನೆಲ ಎತ್ತರಿಸಿದವರು ಬಾಗಿಲಿಗೆ ಬರೀ ಮೆಟ್ಟಿಲು ಕಟ್ಟಿದರು, ಇಳಿಜಾರು ಕಟ್ಟಲಿಲ್ಲ. ವೀಲ್‌ಚೇರ್‌ನವರು, ಮಗುವಿನ ಗಾಡಿ ತಳ್ಳುವವರು ಹೊರಗೇ ನಿಲ್ಲಬೇಕಾಯಿತು.

ಎರಡನೆಯದು ಮಾಲ್‌ಗಳ ಕಾಲದ್ದು. ಮಾಲಾಡ್‌ನಲ್ಲಿ 2006ರಲ್ಲಿ ಭಾರೀ ಸೂಪರ್ ಮಾರ್ಕೆಟ್ಟಾದ ಹೈಪರ್‌ಸಿಟಿ ತೆರೆಯಿತು. ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ ಜಾಗ ಆಗಲೇ ಶಾಪಿಂಗ್ ಜಾಗ ಆಗಿಬಿಟ್ಟಿತ್ತು. ಚಿಕ್ಕ ಅಂಗಡಿಗಳಿಗೂ ಹಾಗೇ ಕಾಣಬೇಕೆಂಬ ಆಸೆ ಹುಟ್ಟಿತು. ನಮ್ಮಲ್ಲೂ ಮುಂಭಾಗಕ್ಕೆ ಹೊಳೆಯುವ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನಲ್) ಶೀಟು ಹೊಡೆದು, ಕಿಟಕಿಗಳನ್ನು ಮುಚ್ಚಿ, ಎಸಿ ಹಾಕಿದರು. ಕಿಟಕಿ ಮುಚ್ಚುವುದಕ್ಕೆ ವ್ಯಾಪಾರದ ಕಾರಣ ಇದೆ. ಕಿಟಕಿ ಹೋದರೆ ಗೋಡೆ ಪೂರ್ತಿ ರ್‍ಯಾಕಿಗೆ ಸಿಗುತ್ತದೆ, ಬಿಸಿಲಿಗೆ ಪ್ಯಾಕೆಟ್ಟಿನ ಬಣ್ಣ ಮಾಸುವುದಿಲ್ಲ, ಎಸಿ ಖರ್ಚು ಕಡಿಮೆ. ಒಪ್ಪುತ್ತೇನೆ. ಆದರೆ 2020ರ ಅಕ್ಟೋಬರ್ 12ರಂದು ಮುಂಬೈಗೆ ಮುಂಬೈಯೇ ಕರೆಂಟಿಲ್ಲದೆ ನಿಂತಾಗ ನಾನು ಒಳಗಿದ್ದೆ. ಹಗಲು ಹೊತ್ತಿನಲ್ಲೇ ಕಗ್ಗತ್ತಲು, ಮಾಸ್ಕಿನೊಳಗೆ ಉಸಿರು ಕಟ್ಟುವ ಸೆಕೆ. ಹುಡುಗರು ಮೊಬೈಲ್ ಬೆಳಕು ಹಿಡಿದು ನಮ್ಮನ್ನು ಹೊರಗೆ ಕರೆತಂದರು. ಆ ಹಳೆಯ ಕಿಟಕಿಗಳಲ್ಲಿ ಒಂದಾದರೂ ಇರಬೇಕಿತ್ತು ಅನಿಸಿತು.

ಎಸಿಪಿ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ಮಧ್ಯೆ ಒಂದು ತಿರುಳು ಇರುತ್ತದೆ. ಅಗ್ಗದ ಶೀಟಿನಲ್ಲಿ ಅದು ಪಾಲಿಥೀನ್, ಅಂದರೆ ಹೊತ್ತಿ ಉರಿಯುವ ಪ್ಲಾಸ್ಟಿಕ್. ಲಂಡನ್ನಿನ ಗ್ರೆನ್ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನ ಸತ್ತಾಗ, ಬೆಂಕಿ ಅಷ್ಟು ಬೇಗ ಮೇಲಕ್ಕೆ ಹಬ್ಬಿದ್ದಕ್ಕೆ ಇಂಥ ಹೊದಿಕೆಯೇ ಮುಖ್ಯ ಕಾರಣವಾಗಿತ್ತು. ನಿಮ್ಮ ಸೊಸೈಟಿಯ ಕೆಳಗಿನ ಅಂಗಡಿ ಹೊಸ ಮುಖ ಹಾಕಿಸುತ್ತಿದ್ದರೆ, ಯಾವ ಶೀಟು ಅಂತ ಸೊಸೈಟಿ ಕಮಿಟಿ ಬರವಣಿಗೆಯಲ್ಲೇ ಕೇಳಲಿ. ಸಂಕೋಚ ಬೇಡ, ಮೇಲೆ ಮಲಗುವವರು ನಾವು ತಾನೆ?

ಮೂರನೆಯದು ರೀಡೆವಲಪ್‌ಮೆಂಟ್. ಕೊರೊನಾ ಮುಗಿದ ಮೇಲೆ ಸೊಸೈಟಿಯ ಹಳೇ ಕಟ್ಟಡವನ್ನೇ ಕೆಡವಿದರು. ಅಂಗಡಿ ಹಿಂದಿನ ಗಲ್ಲಿಯ ಒಂದು ಗಾಳಾದಲ್ಲಿ, ಅಂದರೆ ಚಿಕ್ಕ ಮಳಿಗೆಯಲ್ಲಿ, ಹೇಗೋ ನಡೆಯಿತು. ಈಗ ಹೊಸ ಟವರಿನ ಕೆಳಗೆ ಎರಡು ಮಹಡಿಯಲ್ಲಿದೆ. ಇಲ್ಲಿ ತುಂಬಾ ಸರಿಯಾಗಿ ಮಾಡಿದ್ದಾರೆ. ಬಾಗಿಲಿಗೆ ಒಳ್ಳೆಯ ಇಳಿಜಾರು, ಹಿಡಿಯಲು ಕಂಬಿ. ಎಸ್ಕಲೇಟರ್ ಬದಲು ಟ್ರಾವೆಲೇಟರ್, ಅಂದರೆ ಮೆಟ್ಟಿಲಿಲ್ಲದ ಚಲಿಸುವ ಇಳಿಜಾರು, ಹಾಕಿದ್ದಾರೆ. ಟ್ರಾಲಿಯ ಚಕ್ರಗಳು ಅದರ ಗೀರುಗಳಲ್ಲಿ ಇಳಿದು ಹಿಡಿದುಕೊಳ್ಳುತ್ತವೆ, ತುಂಬಿದ ಟ್ರಾಲಿಯೂ ಜಾರುವುದಿಲ್ಲ. ರ್‍ಯಾಕುಗಳ ಎತ್ತರ ಇಳಿಸಿದ್ದಾರೆ, ಅಮ್ಮನಿಗೂ ಮೇಲಿನ ಸಾಲು ಎಟುಕುತ್ತದೆ. ತೆರೆದ ಫ್ರಿಜ್ಜುಗಳಿಗೆ ಗಾಜಿನ ಬಾಗಿಲು ಬಂದಿದೆ, ಹಾಲು ಮೊಸರಿನ ಹತ್ತಿರ ನಿಂತರೆ ಮೊದಲಿನಂತೆ ಚಳಿ ಹೊಡೆಯುವುದಿಲ್ಲ.

ಬೇಸರ ಇರುವುದು ಎರಡು ವಿಷಯಕ್ಕೆ. ಬೆಂಚು ವಾಪಸ್ ಬರಲಿಲ್ಲ. ಬಿಲ್ಲಿಂಗ್ ಹತ್ತಿರ ಚಾಕಲೇಟ್ ಸ್ಟ್ಯಾಂಡಿಗೆ ಜಾಗ ಸಿಕ್ಕಿದೆ, ಕೂರುವುದಕ್ಕೆ ಸಿಕ್ಕಿಲ್ಲ. ಇನ್ನೊಂದು, ಯಾವ ರ್‍ಯಾಕಿನಲ್ಲಿ ಏನು ಇರಬೇಕು ಅನ್ನುವ ನಕ್ಷೆ ಈಗ ಹೆಡ್ ಆಫೀಸಿನಿಂದ ಬರುತ್ತದೆ. ಹಿಂದೆ ನಮ್ಮ ಕಡೆಯವರು ಕೇಳುತ್ತಾರೆ ಅಂತ ಕಾಕಾ ಕುಚ್ಚಲಕ್ಕಿ, ಬ್ಯಾಡಗಿ ಮೆಣಸಿನಕಾಯಿ ತರಿಸಿ ಇಡುತ್ತಿದ್ದರು. ಹೊಸ ನಕ್ಷೆಯಲ್ಲಿ ಕುಚ್ಚಲಕ್ಕಿಗೆ ಜಾಗವೇ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಡಿಮಾರ್ಟ್‌ನ ದಾರಿ ನನಗೆ ಹಿಡಿಸುತ್ತದೆ. 2002ರಲ್ಲಿ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆದವರು ಇವತ್ತಿಗೂ ಅಲಂಕಾರಕ್ಕೆ ಜಾಸ್ತಿ ಸುರಿಯುವುದಿಲ್ಲ. ಹೆಚ್ಚಿನ ಕಡೆ ಜಾಗವೂ ಅವರದೇ, ಬಾಡಿಗೆಯದಲ್ಲ. ಹೈಪರ್‌ಸಿಟಿ 2017ರಲ್ಲಿ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ಗ್ರೂಪಿನ ಕೈಗೆ ಹೋಯಿತು. 2022ರಲ್ಲಿ ಬಿಗ್ ಬಜಾರ್‌ನ ಎಷ್ಟೋ ಅಂಗಡಿಗಳು ರಿಲಯನ್ಸ್ ಕೈಗೆ ಬಂದು ಸ್ಮಾರ್ಟ್ ಬಜಾರ್ ಆದವು. ಪ್ರತಿ ಸಲ ಬಣ್ಣ, ಬೋರ್ಡು, ರ್‍ಯಾಕಿನ ಜಾಗ ಎಲ್ಲ ಬದಲಾದರೆ, ಉಪ್ಪು ಹುಡುಕಲು ಗಿರಾಕಿ ಮತ್ತೆ ಮೊದಲಿನಿಂದ ಅಲೆಯಬೇಕು.

ನೆಲ, ಇಳಿಜಾರು, ಟ್ರಾವೆಲೇಟರ್ ನೋಡಿ 5ಕ್ಕೆ 4 ಕೊಡುತ್ತಿದ್ದೇನೆ. ಬೆಂಚು ಹಾಕಿದ ದಿನ ಉಳಿದ ಒಂದನ್ನೂ ಕೊಡುತ್ತೇನೆ, ಮ್ಯಾನೇಜರಿಗೆ ಹಾಗೇ ಹೇಳಿದ್ದೇನೆ. ತಿಂಗಳ ಸಾಮಾನಿಗೆ ಧೈರ್ಯವಾಗಿ ಹೋಗಿ. ಕುಚ್ಚಲಕ್ಕಿಗೆ ಮಾತ್ರ ದಕ್ಷಿಣದವರ ಸಾಮಾನು ಸಿಗುವ ಮಾಟುಂಗಾ ಮಾರ್ಕೆಟ್ಟೇ ಗತಿ.