ಫ್ಲಾಟ್ 2ಡಿ, ಕೈಯಲ್ಲಿ ಬಿಡಿಸಿದ್ದು, 3ಡಿ: ನಿಮ್ಮ ವಿಡಿಯೋಗೆ ಯಾವುದು?

30 ಸೆಕೆಂಡಿನ ಅನಿಮೇಷನ್ ವಿಡಿಯೋ ಅಂದುಕೊಳ್ಳಿ. ಸಾಲದ ಬಡ್ಡಿ ಲೆಕ್ಕ, ಆ್ಯಪ್ ಬಳಸುವ ರೀತಿ, ಇಂಥ ವಿಷಯವಾದರೆ ಫ್ಲಾಟ್ 2ಡಿ, ಅಂದರೆ ಆಳವಿಲ್ಲದ ಚಪ್ಪಟೆ ಚಿತ್ರಗಳು, ಸಾಕು. ಬೇಗ ಮುಗಿಯುತ್ತದೆ. ಕೊನೇ ಗಳಿಗೆಯಲ್ಲಿ ಕ್ಲೈಂಟ್ ಬಣ್ಣ ಬದಲಿಸಿ ಅಂದರೂ ಹೆಚ್ಚು ಕಷ್ಟ ಆಗುವುದಿಲ್ಲ. ಆದರೆ ರೆಡಿಮೇಡ್ ಟೆಂಪ್ಲೇಟ್ ಹಾಕಿದರೆ ಎಲ್ಲರ ವಿಡಿಯೋ ಥರಾನೇ ಕಾಣುತ್ತದೆ, ಅದು ನಿಜವಾದ ತೊಂದರೆ.

ಕೈಯಲ್ಲಿ ಬಿಡಿಸಿದ ಅನಿಮೇಷನ್ ನನಗೆ ತುಂಬಾ ಇಷ್ಟ. ಅಜ್ಜಿ ಹೇಳಿದ ಕಥೆಯಂಥ ವಿಷಯಕ್ಕೆ ಆ ಅಲುಗಾಡುವ ಗೆರೆಯೇ ಜೀವ. ಬೆಲೆ ಮಾತ್ರ ಸಮಯ: ಸೆಕೆಂಡಿಗೆ 24 ಫ್ರೇಮ್ (ತೆರೆಯ ಮೇಲೆ ಒಂದರ ಹಿಂದೊಂದು ಬರುವ ಚೌಕಟ್ಟು) ಅಂದರೆ ಒಟ್ಟು 720, ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 360 ಚಿತ್ರ ಬಿಡಿಸಬೇಕು, ಆಮೇಲೆ ಪಾತ್ರದ ಅಂಗಿ ಬದಲಿಸಿ ಅಂದರೆ ಎಷ್ಟೋ ಚಿತ್ರಗಳನ್ನು ಮತ್ತೆ ತಿದ್ದಬೇಕು. ಹಾಗಾಗಿ ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಗಳು) ಒಪ್ಪಿಗೆಯಾಗದೆ ಶುರು ಮಾಡಬೇಡಿ.

ಪಂಪಿನ ಒಳಭಾಗ ತಿರುಗಿಸಿ ತೋರಿಸಬೇಕಾ? 3ಡಿ ಆರಿಸಿ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಉಚಿತ. ಆದರೆ ಒಂದು ಫ್ರೇಮ್ ರೆಂಡರ್‌ಗೆ (ಕಂಪ್ಯೂಟರ್ ಅಂತಿಮ ಚಿತ್ರ ತಯಾರಿಸುವುದಕ್ಕೆ) 2 ನಿಮಿಷ ಹಿಡಿದರೆ 720 ಫ್ರೇಮ್‌ಗೆ ಪೂರ್ತಿ 24 ಗಂಟೆ. ಬ್ಲೆಂಡರ್‌ನಲ್ಲೇ ಇರುವ ರೆಂಡರ್ ವಿಧಾನಗಳಲ್ಲಿ ಸೈಕಲ್ಸ್ ಬದಲು ಈವೀ ಬಳಸಿದರೆ ಬೇಗ ಆಗುತ್ತದೆ, ಬೆಳಕು ಅಷ್ಟು ಸಹಜವಾಗಿರದು.

ಬರೀ ಅಕ್ಷರಗಳೇ ಕುಣಿಯುವ ಸ್ಟೈಲ್ ಅಗ್ಗ, ಚೆಂದ ಕೂಡ. ಕನ್ನಡದಲ್ಲಿ ಮಾಡುವಾಗ ಮಾತ್ರ ಒಂದೊಂದೇ ಅಕ್ಷರ ಹಾರಿಸಲು ಹೋಗಬೇಡಿ, ಒತ್ತಕ್ಷರ ಒಂದು ಕಡೆ, ಗುಣಿತ ಇನ್ನೊಂದು ಕಡೆ ಹೋಗಿ ಓದಲು ಆಗದಂತಾಗಬಹುದು. ಇಡೀ ಪದವನ್ನೇ ಒಟ್ಟಿಗೆ ತನ್ನಿ.